ಹಿಟ್ಟಿನ ಕೋಳಿ ಮತ್ತು ಹಾಲಿನ ಬಟ್ಟಲು

ಜನ್ನನ ‘ಯಶೋಧರ ಚರಿತೆ’ಯನ್ನು (1209) ಶ್ರಾವಕರು ಮಾಂಸನಿಷೇಧದ ಕಾವ್ಯವೆಂದೇ ಓದುತ್ತ ಬಂದಿದ್ದಾರೆ. ಆ ಓದು ಕಿರಿದು. ಅಲ್ಲಿ ಬಲಿಯಾದುದು ಹಿಟ್ಟಿನ ಕೋಳಿ ಮಾತ್ರ; ಆದರೂ ಯಶೋಧರನೂ ತಾಯಿ ಚಂದ್ರಮತಿಯೂ ನವಿಲು, ನಾಯಿ, ಆಡು, ಕೋಣಗಳಾಗಿ ಭವಭವಗಳಲ್ಲಿ ತೊಳಲಿದರು. ಕವಿ ತೂಗಿದ್ದು ವಸ್ತುವನ್ನಲ್ಲ, ಸಂಕಲ್ಪವನ್ನು. ಹಾಲಿನಲ್ಲಿ ಮಾಂಸವಿಲ್ಲವೆಂಬ ಸಮಾಧಾನ ಈ ತಕ್ಕಡಿಯಲ್ಲಿ ನಿಲ್ಲುವುದು ಕಷ್ಟ. ಬತ್ತಿದ ಎಮ್ಮೆ, ಬೇಡವಾದ ಗಂಡುಕರು ಯಾರ ಕೈಸೇರುವುವೆಂದು ಬಲ್ಲವನು ಹಾಲು ಕೊಳ್ಳುವಾಗ ಅವನ ಸಂಕಲ್ಪ ಯಾವುದು?

ಕೊಪಣ ಮಹಾತೀರ್ಥವೆನಿಸಿದ್ದ ಕೊಪ್ಪಳ ಸೀಮೆಯವರಿಗೆ ಹಾಲು ಬಿಡುವುದು ಪರದೇಶದ ವ್ರತವೇನಲ್ಲ. ರಸಪರಿತ್ಯಾಗದಲ್ಲಿ ಹಾಲು, ಮೊಸರು, ತುಪ್ಪ ಮೊದಲೇ ಸೇರಿವೆ. ಆದರೆ ಅದು ನಾಲಗೆಯ ನಿಗ್ರಹ. ಪಶುವಿನ ಲೆಕ್ಕ ಅಲ್ಲಿಲ್ಲ, ಜನ್ನನಲ್ಲಿದೆ. ಬಸದಿಯ ಟ್ರಸ್ಟುಗಳು ಕ್ಷೀರಾಭಿಷೇಕಕ್ಕೆ ಹಾಲು ತರಿಸುವಾಗಲಾದರೂ, ಗಂಡುಕರು ಎಲ್ಲಿ ಹೋಯಿತೆಂದು ಹಾಲು ಮಾರುವವನನ್ನು ಕೇಳಬೇಕು.