ಪದಕ್ರಮವೂ ಶಾಸ್ತ್ರಕ್ರಮವೂ

ಅಮೆರಿಕೆಯ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ 1998ರಲ್ಲಿ ‘ಇಂಜಿನಿಯರಿಂಗ್ ಸಿಸ್ಟಂಸ್’ ಎಂಬ ವಿಭಾಗವು ಸ್ಥಾಪಿತವಾಯಿತು. ಡೇನಿಯಲ್ ರೂಸ್ ಅದರ ಪ್ರಥಮ ನಿರ್ದೇಶಕರು. ಇಂಜಿನಿಯರಿಂಗ್, ವ್ಯಾಪಾರನಿರ್ವಹಣ, ಸಮಾಜಶಾಸ್ತ್ರಗಳ ಅಧ್ಯಾಪಕರು ಬಹುಮಟ್ಟಿಗೆ ತಂತಮ್ಮ ಮೂಲಶಾಖೆಗಳನ್ನು ಬಿಡದೆಯೇ ಇದರಲ್ಲಿ ಸೇರಿದರು. ಈ ವಿಭಾಗದ ಮತವನ್ನು ನಿರೂಪಿಸುವ ಗ್ರಂಥವು ಒಲಿವಿಯೆ ದ ವೆಕ್, ರೂಸ್, ಕ್ರಿಸ್ಟೊಫರ್ ಮಗೀ ಎಂಬ ಮೂವರಿಂದ ರಚಿತವಾಗಿ, ವಿಭಾಗದ ಹೆಸರನ್ನೇ ಹೊತ್ತು 2011ರಲ್ಲಿ ಪ್ರಕಟವಾಯಿತು. ಅದರ ಶಾಸ್ತ್ರಭಾಗದ ಪರೀಕ್ಷೆ ತಜ್ಞರಿಗೆ ಸೇರಿದುದು. ಸಾಹಿತ್ಯಬೋಧಕರು ಗಮನಿಸತಕ್ಕದ್ದು ಅದರ ಪದಪ್ರಯೋಗವನ್ನು.

‘ಸಿಸ್ಟಂಸ್ ಇಂಜಿನಿಯರಿಂಗ್’ ಎಂಬ ಹೆಸರು ಮೊದಲಿನಿಂದಲೂ ರೂಢಿಯಲ್ಲಿದ್ದಿತು. ವಿಭಾಗದವರು ಬುದ್ಧಿಪೂರ್ವಕವಾಗಿಯೇ ಪದಗಳನ್ನು ಹಿಂದುಮುಂದಾಗಿಸಿದರು. ತತ್ಪುರುಷದಲ್ಲಿ ಉತ್ತರಪದವೇ ಪ್ರಧಾನವಷ್ಟೆ. ಹಳೆಯ ಹೆಸರಿನಲ್ಲಿ ಇಂಜಿನಿಯರನ ಕಾರ್ಯವು ಪ್ರಧಾನ. ಹೊಸದರಲ್ಲಿ ವ್ಯವಸ್ಥೆಯು ಪ್ರಧಾನ. ಹೀಗಾಗಿ, ವಿದ್ಯುತ್ತಿನ ಸರಬರಾಯಿಯನ್ನು ವಿಚಾರಿಸುವಾಗ ಯಂತ್ರ ತಂತಿಗಳೊಡನೆ ದರ, ಕಾನೂನು, ಬಳಸುವ ಜನ ಇವೆಲ್ಲವೂ ಅಧ್ಯಯನದ ಒಳಗಣ ವಸ್ತುಗಳೇ ಆಗುತ್ತವೆ. ಗ್ರಂಥದ ಹೆಚ್ಚಳವೆಲ್ಲ ಈ ಒಂದು ಪಲ್ಲಟದಲ್ಲಿದೆ.

ನಾಲ್ಕನೆಯ ಅಧ್ಯಾಯದಲ್ಲಿ ನಮ್ಯತೆ, ವಿಶ್ವಸನೀಯತೆ ಮೊದಲಾದ ಗುಣಗಳ ವಿಚಾರ ಬರುತ್ತದೆ. ಇಂಗ್ಲಿಷಿನಲ್ಲಿ ಆ ಪದಗಳ ಕೊನೆಗಿರುವ ಪ್ರತ್ಯಯವನ್ನೇ ಕಿತ್ತು, ನಾಮಪದವಾಗಿಸಿ, ಬಹುವಚನವನ್ನೂ ಹಚ್ಚಿ ‘ಇಲಿಟೀಸ್’ ಎಂದು ಆ ವಿದ್ಯೆಯವರು ವ್ಯವಹರಿಸುತ್ತಾರೆ. ಕನ್ನಡದಲ್ಲಿ ‘ತೆಗಳು’ ಎಂದಂತೆ! ವೈಯಾಕರಣರು ಮುಖ ಸಿಂಡರಿಸಬಹುದಾದರೂ ಪ್ರಯೋಗವು ನಿರರ್ಥಕವಲ್ಲ. ಇವು ಬಹುಮಟ್ಟಿಗೆ ಯಂತ್ರವನ್ನು ಚಾಲನಗೊಳಿಸಿದ ದಿನವೇ ಕಾಣದೆ, ವ್ಯವಸ್ಥೆಯು ಬಳಕೆಯಲ್ಲಿ ನಡೆದುಬಂದ ಮೇಲೆ ವ್ಯಕ್ತವಾಗುವ ಗುಣಗಳು. ಇಂಥವನ್ನೆಲ್ಲ ಒಟ್ಟಾಗಿ ಹೇಳಲು ಹೆಸರೊಂದು ಬೇಕಾಗಿದ್ದಿತು.

ಗ್ರಂಥದ ದೌರ್ಬಲ್ಯವೂ ಪದವೊಂದರಲ್ಲಿಯೇ ಕಾಣುತ್ತದೆ. ಉಪಶೀರ್ಷಿಕೆಯು ‘ಮಾನವರ ಅವಶ್ಯಕತೆ’ಗಳ ಪೂರೈಕೆಯನ್ನು ಹೇಳುತ್ತದೆ. ಅವಶ್ಯಕತೆಯನ್ನು ನಿರ್ಣಯಿಸತಕ್ಕವರು ಯಾರು? ಅಣೆಕಟ್ಟೆಯ ನೀರನ್ನು ಪಡೆದ ರೈತನೂ ಆ ನೀರಿನಲ್ಲಿ ಊರನ್ನೇ ಕಳೆದುಕೊಂಡವನೂ ಆ ಒಂದು ಬಹುವಚನದೊಳಗೆ ಬೆರೆತುಹೋಗುತ್ತಾರೆ. ಜನರನ್ನು ಶಾಸ್ತ್ರದ ಒಳಕ್ಕೆ ಕರೆತಂದವರು ಈ ಪದವನ್ನು ಶೀರ್ಷಿಕೆಯಲ್ಲಿಡುವಾಗ ಇನ್ನಷ್ಟು ನಿಷ್ಕರ್ಷೆ ಮಾಡಬೇಕಾಗಿದ್ದಿತು.

ವಿಭಾಗವು 2015ರಲ್ಲಿ ಕೊನೆಗೊಂಡಿತು. ಅದರ ಹಲವು ಕಾರ್ಯಕ್ರಮಗಳು ಅದೇ ವರ್ಷ ಅಲ್ಲಿಯೇ ಆರಂಭವಾದ ಮತ್ತೊಂದು ಸಂಸ್ಥೆಗೆ ಸೇರಿದವು. ದತ್ತಾಂಶ, ವ್ಯವಸ್ಥೆ, ಸಮಾಜ ಎಂಬ ಮೂರು ಪದಗಳು ಅದರ ಹೆಸರು. ಇಂಜಿನಿಯರಿಂಗ್ ಎಂಬ ಮಾತು ಬಿಟ್ಟುಹೋಗಿ, ತತ್ಪುರುಷದ ಸ್ಥಾನಕ್ಕೆ ದ್ವಂದ್ವವು ಬಂದಿತು. ವ್ಯವಸ್ಥೆಯೊಳಗೆ ಅಡಗಿದ್ದ ಸಮಾಜವು ಬೇರೆ ಪದವಾಗಿ ನಿಂತಿತು. ದ್ವಂದ್ವದಲ್ಲಿ ಪದಗಳೆಲ್ಲವೂ ಸಮಪ್ರಧಾನವೆಂಬುದು ನಿಯಮ. ಆದರೆ ಆ ಸಂಸ್ಥೆಯಲ್ಲಿ ಸಂಖ್ಯಾಶಾಸ್ತ್ರಕ್ಕೆ ದೊರೆತಿರುವ ಸ್ಥಾನವನ್ನು ನೋಡಿದರೆ ಮೊದಲ ಪದಕ್ಕೇ ಬಲವು ಹೆಚ್ಚೆಂದು ತೋರುತ್ತದೆ.