ಧ್ವನಿಸುರುಳಿಯ ಎರಡು ಬದಿಗಳು: ಯೌವನದ ಹಾಡು ಮತ್ತು ಹಳಹಳಿಕೆಯ ಸ್ವರೂಪ

೧

ತಾರುಣ್ಯದಲ್ಲಿ ಕೇಳಿದ ಹಾಡು, ತೊಟ್ಟ ಉಡುಪು ಇವುಗಳನ್ನು ಕುರಿತ ಹಂಬಲಕ್ಕೆ ಕನ್ನಡ ವಿಮರ್ಶೆಯಲ್ಲಿ 'ಹಳಹಳಿಕೆ' ಎಂಬ ಮಾತು ರೂಢಿಯಲ್ಲಿದೆ. ಆ ಮಾತಿನಲ್ಲಿಯೇ ತುಸು ತಾತ್ಸಾರವಿದೆ. ಹಳಹಳಿಸುವುದು ವಯಸ್ಸಾದವರ ಚಪಲ, ಅದು ಗಂಭೀರ ವಿಚಾರಕ್ಕೆ ಅರ್ಹವಾದುದಲ್ಲ ಎಂಬ ಭಾವನೆ ವಿದ್ವತ್ ವಲಯದಲ್ಲಿ ಬೇರೂರಿದೆ. ಮಧ್ಯಕಾಲೀನ ಸಾಹಿತ್ಯದ ವ್ಯಾಸಂಗದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನಾವೂ ಹಾಗೆಯೇ ನಂಬಿದ್ದೆವು. ಆ ನಂಬಿಕೆಯನ್ನು ಮರಳಿ ಪರಿಶೀಲಿಸುವಂತೆ ಮಾಡಿದ್ದು ನಮ್ಮದೇ ತರಗತಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ.

ಕನ್ನಡ ಕಲಿಕೆಯ ಪ್ರಮಾಣಪತ್ರ ತರಗತಿಗೆ ನಾವು ಒಂದು ಭಾವಗೀತೆಯನ್ನು ಪಾಠ ಹೇಳುತ್ತಿದ್ದೆವು. ಅದು ನಮಗೆ ಕಂಠಸ್ಥವಾದ ಕವನ. ಪುಸ್ತಕ ತೆರೆಯುವ ಅಗತ್ಯ ಎಂದೂ ಬಿದ್ದಿರಲಿಲ್ಲ. ಹೊರನಾಡಿನಲ್ಲಿಯೇ ಹುಟ್ಟಿ ಬೆಳೆದು, ಮನೆಯಲ್ಲಿ ಅರೆಬರೆ ಕಿವಿಗೆ ಬಿದ್ದ ನುಡಿಯನ್ನು ಅಕ್ಷರದಲ್ಲಿ ಕಲಿಯಲು ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಗ್ರಂಥಾಲಯದಿಂದ ಮೂಲ ಸಂಕಲನವನ್ನೇ ತಂದಿದ್ದಳು. "ಸರ್, ಇದರಲ್ಲಿ ಇನ್ನೂ ಎರಡು ನುಡಿ ಇವೆ. ಅವನ್ನು ಯಾಕೆ ಬಿಟ್ಟಿರಿ?" ಎಂದು ಕೇಳಿದಳು. ನಾವು ಬಿಟ್ಟಿರಲಿಲ್ಲ, ಅವು ನಮ್ಮ ನೆನಪಿನಲ್ಲಿ ಎಂದೂ ಇರಲೇ ಇಲ್ಲ. ನಾವು ಕಲಿತಿದ್ದು ಪುಸ್ತಕದ ಕವನವನ್ನಲ್ಲ, ಕಾಲೇಜು ದಿನಗಳಲ್ಲಿ ಧ್ವನಿಸುರುಳಿಯಿಂದ ಕೇಳಿದ ಹಾಡನ್ನು. ಕವನದ ದುಗುಡವೆಲ್ಲ ಆ ಎರಡು ನುಡಿಗಳಲ್ಲಿಯೇ ಇತ್ತು. ಅವನ್ನು ಕಳೆದರೆ ಉಳಿಯುವುದು ಸೊಗಸಾದ ಒಂದು ಒಲವಿನ ಹಾಡು. ಓಲೆಗರಿಗಳ ಪಾಠಾಂತರಗಳನ್ನು ಹೋಲಿಸಿ ಡಾಕ್ಟರೇಟ್ ಪಡೆದ ನಾವು, ಲೋಪವುಳ್ಳ ಪಾಠವೊಂದನ್ನು ಎಷ್ಟೋ ವರ್ಷ ಶುದ್ಧಪಾಠವೆಂದು ಬೋಧಿಸಿದ್ದೆವು.

ಹಳಹಳಿಕೆಯನ್ನು ಕೇವಲ ಭಾವುಕತೆಯೆಂದು ತಳ್ಳಿಹಾಕುವುದು ಸರಿಯಲ್ಲವೆಂದು ಆಗ ನಮಗೆ ಹೊಳೆಯಿತು. ಅದೊಂದು ಬಗೆಯ ಸಂಪಾದನೆ. ಅದು ಆಯುತ್ತದೆ, ಬಿಡುತ್ತದೆ, ಬಿಟ್ಟದ್ದನ್ನು ಮರೆಸುತ್ತದೆ. ಪ್ರಸ್ತುತ ಲೇಖನವು ಈ ಸಂಪಾದನೆಯ ರೀತಿಯನ್ನು ಕೆಲವು ಕೃತಿಗಳ ಮೂಲಕ ಪರಿಶೀಲಿಸುವ ಪ್ರಯತ್ನವಾಗಿದೆ.

೨

ಹಾಡು ನೆನಪನ್ನು ಕೆರಳಿಸುತ್ತದೆ ಎಂಬ ತಿಳಿವು ಕನ್ನಡಕ್ಕೆ ಹೊಸದಲ್ಲ. ಕ್ರಿ.ಶ. ೯೪೧ರ 'ವಿಕ್ರಮಾರ್ಜುನ ವಿಜಯ'ದ ನಾಲ್ಕನೆಯ ಆಶ್ವಾಸದಲ್ಲಿ ಬನವಾಸಿಯನ್ನು ಕುರಿತ ಪದ್ಯಗಳು ಎಲ್ಲರಿಗೂ ಪರಿಚಿತ. ಅಲ್ಲಿ ಬನವಾಸಿಯ ನೆನಪನ್ನು ತರುವ ಕಾರಣಗಳ ಒಂದು ಪಟ್ಟಿಯೇ ಇದೆ: ಮೈಗೆ ಸೋಕುವ ತೆಂಕಣ ಗಾಳಿ, ಒಳ್ಳೆಯ ಮಾತು, ಕಿವಿಯನ್ನು ಹೊಗುವ ಇಂಪಾದ ಹಾಡು, ಅರಳಿದ ಮಲ್ಲಿಗೆ, ವಸಂತೋತ್ಸವ. ಆನೆಯನ್ನು ಅಂಕುಶದಿಂದ ತಡೆದಂತೆ ತಡೆದರೂ ಮನಸ್ಸು ಅತ್ತಲೇ ಹರಿಯುತ್ತದೆ ಎಂಬುದು ಕವಿಯ ಅನುಭವ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಪಂಪನು ಆಶ್ರಯ ಪಡೆದದ್ದು ವೇಮುಲವಾಡದ ಚಾಳುಕ್ಯ ಅರಿಕೇಸರಿಯ ಆಸ್ಥಾನದಲ್ಲಿ. ಅದು ಇಂದಿನ ತೆಲಂಗಾಣಕ್ಕೆ ಸೇರಿದ ಸ್ಥಳ. ಎಂದರೆ ಕನ್ನಡದ ಅತ್ಯಂತ ಪ್ರಸಿದ್ಧವಾದ ಹಂಬಲದ ಪದ್ಯ ಇಂದಿನ ಅರ್ಥದಲ್ಲಿ ಹೊರನಾಡಿನ ಆಸ್ಥಾನದಲ್ಲಿ ಹುಟ್ಟಿದ್ದು. ಎರಡನೆಯದು, ಪಂಪನಲ್ಲಿ ಹಾಡು ನೆನಪಿನ ನಿಮಿತ್ತವೇ ಹೊರತು ವಿಷಯವಲ್ಲ. ಹಾಡು ಕೇಳಿಸಿದೊಡನೆ ಮನಸ್ಸು ಹಾಡನ್ನು ದಾಟಿ ನಾಡನ್ನು ತಲಪುತ್ತದೆ. ಯಾವ ಹಾಡು, ಯಾರು ಹಾಡಿದ್ದು ಎಂಬುದು ಅಲ್ಲಿ ಅಮುಖ್ಯ. ನಮ್ಮ ಕಾಲದ ಹಳಹಳಿಕೆಯಲ್ಲಿ ಈ ಚಲನೆ ನಿಂತುಹೋಗಿದೆ. ಮನಸ್ಸು ಹಾಡಿನಲ್ಲಿಯೇ, ಅದೂ ಒಂದೇ ಕಂಠದ ಒಂದೇ ಧಾಟಿಯಲ್ಲಿ, ತಂಗಿಬಿಡುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಮನಸ್ಸಿನ ಬದಲಾವಣೆಗಿಂತ ಹೆಚ್ಚಾಗಿ ಮಾಧ್ಯಮದ ಬದಲಾವಣೆ ಎಂಬುದು ನಮ್ಮ ಅಭಿಪ್ರಾಯ.

೩

ಕೆ.ಎಸ್. ನಿಸಾರ್ ಅಹಮದ್ ಅವರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ 'ನಿತ್ಯೋತ್ಸವ' ೧೯೭೮ರಲ್ಲಿ ಹೊರಬಂದಿತು. ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿಯೆಂದು ಅದು ಪ್ರಸಿದ್ಧವಾಗಿದೆ. ಮುಂದೆ ಸಿ. ಅಶ್ವತ್ಥರ ಸಂಯೋಜನೆಗಳು ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'ಯನ್ನೂ ಶಿಶುನಾಳ ಶರೀಫರ ತತ್ವಪದಗಳನ್ನೂ ಮನೆಮನೆಗೆ ಮುಟ್ಟಿಸಿದವು. ೧೯೪೨ರಲ್ಲಿ ಪ್ರಕಟವಾದ ಕವನಸಂಕಲನವೊಂದು ನಾಲ್ಕು ದಶಕಗಳ ಅನಂತರ ಅಕ್ಷರ ಬಾರದವರ ನಾಲಿಗೆಯ ಮೇಲೂ ನಲಿದಾಡಿತು. ಇದು ಸಾಮಾನ್ಯವಾದ ಸಾಧನೆಯಲ್ಲ. ಹೊರನಾಡಿನ ಕುಟುಂಬಗಳಿಗೆ ಇದರ ಮಹತ್ವ ಇನ್ನೂ ಹೆಚ್ಚು. ಕನ್ನಡ ಪತ್ರಿಕೆ ಎರಡು ದಿನ ತಡವಾಗಿ ಬರುತ್ತಿದ್ದ, ಕನ್ನಡ ಪುಸ್ತಕದ ಅಂಗಡಿಯೇ ಇಲ್ಲದ ಊರುಗಳಲ್ಲಿ ರಜೆಗೆ ಹೋದವರು ಉಪ್ಪಿನಕಾಯಿಯ ಜಾಡಿಯೊಂದಿಗೆ ತರುತ್ತಿದ್ದುದು ಈ ಸುರುಳಿಗಳನ್ನೇ. ಟೇಪು ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಿ ಸರಿಪಡಿಸುತ್ತಿದ್ದುದು ಆ ಕಾಲದವರ ಬೆರಳುಗಳಿಗೆ ಇಂದಿಗೂ ನೆನಪಿದೆ.

ಆದರೆ ಪ್ರತಿಯೊಂದು ಮಾಧ್ಯಮಕ್ಕೂ ತನ್ನದೇ ಕಟ್ಟುಪಾಡು ಇರುತ್ತದೆ. ಅರುವತ್ತು ನಿಮಿಷದ ಸುರುಳಿಯಲ್ಲಿ ಒಂದೊಂದು ಬದಿಗೆ ಮೂವತ್ತೇ ನಿಮಿಷ. ಅದರಲ್ಲಿ ನಾಲ್ಕೈದು ಹಾಡುಗಳು ಅಡಕವಾಗಬೇಕು. ವಾದ್ಯಸಂಗೀತಕ್ಕೆ ಎಡೆ ಬೇಕು, ಪಲ್ಲವಿ ಮತ್ತೆ ಮತ್ತೆ ಮರುಕಳಿಸಬೇಕು. ಏಳೆಂಟು ನುಡಿಗಳ ಕವನ ಇಲ್ಲಿ ಮೂರು ನುಡಿಗಳಿಗೆ ಇಳಿಯುವುದು ಅನಿವಾರ್ಯ. ಯಾವ ಮೂರು? ಹಾಡಲು ಸುಲಭವಾದ, ಭಾವ ಏಕಮುಖವಾಗಿ ಹರಿಯುವ ನುಡಿಗಳು ಉಳಿಯುತ್ತವೆ. ಎದುರುಮಾತನಾಡುವ, ಕಹಿಯಾದ ಅಥವಾ ತೊಡಕಾದ ನುಡಿಗಳು ಉದುರುತ್ತವೆ. ಸಂಗೀತಗಾರರನ್ನು ಇದಕ್ಕಾಗಿ ದೂಷಿಸಬೇಕಾಗಿಲ್ಲ. ಅವರು ಹಾಡನ್ನು ಕೊಟ್ಟರು. ಹಾಡನ್ನೇ ಕವನವೆಂದು ತಿಳಿದ ತಪ್ಪು ಕೇಳುಗರಾದ ನಮ್ಮದು.

ಇಲ್ಲಿ ಇನ್ನೊಂದು ವಿಪರ್ಯಾಸವೂ ಇದೆ. ಗೇಯತೆಯಿಂದ ಬಿಡಿಸಿಕೊಂಡು ಮಾತಿನ ಲಯಕ್ಕೆ ಕಾವ್ಯವನ್ನು ತಂದ ನವ್ಯದ ಮುಂದಾಳು ಗೋಪಾಲಕೃಷ್ಣ ಅಡಿಗರು. ಆದರೆ ಕಾವ್ಯಾಭ್ಯಾಸವಿಲ್ಲದ ಕನ್ನಡಿಗರಲ್ಲಿ ಬಹುಮಂದಿ ಅವರನ್ನು ಬಲ್ಲದ್ದು ನವ್ಯಪೂರ್ವ ಘಟ್ಟದ ಒಂದು ಕವನದಿಂದ. ಅದೂ 'ಅಮೆರಿಕಾ ಅಮೆರಿಕಾ' ಚಲನಚಿತ್ರದಲ್ಲಿ ಅದು ಹಾಡಾಗಿ ಕೇಳಿಬಂದುದರಿಂದ. 'ಭೂಮಿಗೀತ'ದ ಅಡಿಗರು ಈ ನೆನಪಿನಲ್ಲಿ ಸ್ಥಾನ ಪಡೆದಿಲ್ಲ.

ಧಾಟಿಯ ಮೇಲಿನ ಮೋಹ ಎಷ್ಟು ಗಾಢವೆಂಬುದಕ್ಕೆ ನಾಡಗೀತೆಯ ವಿವಾದವೇ ಸಾಕ್ಷಿ. ಕುವೆಂಪು ಅವರ ಗೀತೆಯನ್ನು ೨೦೦೪ರಲ್ಲಿ ನಾಡಗೀತೆಯಾಗಿ ಅಂಗೀಕರಿಸಿದ ಬಳಿಕ ಅದನ್ನು ಯಾರ ಧಾಟಿಯಲ್ಲಿ ಹಾಡಬೇಕೆಂಬುದು ಹದಿನೆಂಟು ವರ್ಷ ಇತ್ಯರ್ಥವಾಗಲಿಲ್ಲ. ೨೦೨೨ರಲ್ಲಿ ಸರಕಾರವು ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ಗೊತ್ತುಪಡಿಸಿತು. ಅದನ್ನು ಪ್ರಶ್ನಿಸಿದ ಅರ್ಜಿ ಉಚ್ಚ ನ್ಯಾಯಾಲಯದವರೆಗೆ ಹೋಗಿ ೨೦೨೪ರಲ್ಲಿ ವಜಾ ಆಯಿತು. ಎರಡೂ ಪಕ್ಷಗಳ ವಾದವನ್ನು ಓದಿದಾಗ ನಮಗೆ ಅನಿಸಿದ್ದಿಷ್ಟು: ಅಲ್ಲಿ ಗೀತೆಯ ಅರ್ಥದ ಬಗ್ಗೆ ಜಗಳವಿರಲಿಲ್ಲ. ತಾವು ಮೊದಲು ಕೇಳಿದ ಬಗೆಯೇ ಗೀತೆಯ ನಿಜರೂಪವೆಂಬ ನಂಬಿಕೆಯೂ ಸಂಗೀತಶಾಸ್ತ್ರದ ಮಾತುಗಳ ಹಿಂದೆ ಕೆಲಸ ಮಾಡುತ್ತಿತ್ತು.

೪

ಉಡುಪಿನ ಹಳಹಳಿಕೆಗೆ ಬಂದರೆ ಸಂಪಾದನೆಯ ಕತ್ತರಿ ಇನ್ನೂ ಹರಿತವಾಗಿ ಕಾಣುತ್ತದೆ. ನಮ್ಮ ತಲೆಮಾರಿನ ಯೌವನದ ಲಾಂಛನವೆಂದರೆ ೧೯೮೭ರ 'ಪ್ರೇಮಲೋಕ'. ರವಿಚಂದ್ರನ್ ಅವರ ನಿರ್ದೇಶನ, ಹಂಸಲೇಖರ ಸಾಹಿತ್ಯ ಮತ್ತು ಸಂಗೀತ. ಮೋಟಾರ್ ಸೈಕಲ್ಲು, ಚರ್ಮದ ಜಾಕೀಟು, ಆಡುಮಾತಿನಲ್ಲಿಯೇ ಸಂಭಾಷಣೆಯಂತೆ ಸಾಗುವ ಹಾಡುಗಳು: ಇವೆಲ್ಲ ನಮಗೆ ಅಪ್ಪಟ ಹೊಸತಾಗಿ, ಹಿರಿಯರಿಗೆ ಸಲ್ಲದ, ನಮ್ಮವೇ ಆದ ವಸ್ತುಗಳಾಗಿ ಕಂಡವು. ಆದರೆ ಆ ಚಿತ್ರದ ಕಥಾಬೀಜ ೧೯೮೨ರ 'ಗ್ರೀಸ್ ೨' ಎಂಬ ಅಮೆರಿಕನ್ ಚಿತ್ರದ್ದು. ಆ ಚಿತ್ರದ ಕಥೆ ನಡೆಯುವುದು ೧೯೬೧ರಲ್ಲಿ. ಅದರ ಹಿಂದಿನ 'ಗ್ರೀಸ್' ೧೯೭೮ರದ್ದು. ಅದು ೧೯೫೦ರ ದಶಕದ ಕೊನೆಯನ್ನು ಕುರಿತು ಹಂಬಲಿಸಿದ ಚಿತ್ರ. ಹೀಗೆ ನಮ್ಮ ಯೌವನದ ಹೊಸತನವು ಇನ್ನೊಂದು ದೇಶದ ನಡುವಯಸ್ಕರ ಹಳಹಳಿಕೆಯಿಂದ ಎರವಲು ಬಂದದ್ದು. ನಾವು ಇಂದು ಹಂಬಲಿಸುತ್ತಿರುವುದು ಒಂದು ಹಂಬಲಕ್ಕೆ.

ಇದರಿಂದ 'ಪ್ರೇಮಲೋಕ'ದ ಬೆಲೆ ಕುಗ್ಗುವುದಿಲ್ಲ. ಎರವಲು ತಂದದ್ದನ್ನು ತನ್ನದಾಗಿಸಿಕೊಳ್ಳುವ ಶಕ್ತಿ ಕನ್ನಡಕ್ಕೆ ಮೊದಲಿನಿಂದಲೂ ಇದೆ. ಪಂಪಭಾರತವೂ ವ್ಯಾಸಭಾರತವನ್ನು ತನ್ನದಾಗಿಸಿಕೊಂಡ ಕೃತಿಯೇ. ಓಣಿಯ ದರ್ಜಿಯು ಸಿನಿಮಾ ನೋಡಿ ಬಂದು, ಅಳತೆಯ ಪಟ್ಟಿ ಹಿಡಿದು, ಸಿಕ್ಕಿದ ಬಟ್ಟೆಯಲ್ಲಿ ಆ ನಾಯಕನ ಅಂಗಿಯನ್ನು ಹೊಲಿದುಕೊಟ್ಟದ್ದೂ ಒಂದು ಅನುವಾದವೇ. ಆದರೆ ಈ ನೆನಪಿನಲ್ಲಿ ಯಾರಿಲ್ಲ ಎಂಬುದನ್ನು ಕೇಳಬೇಕು. ಅಗಲ ಕಾಲಿನ ಷರಾಯಿಗೆ ಬಟ್ಟೆ ಹೆಚ್ಚು ಬೇಕಾಗುತ್ತಿತ್ತು; ಅಣ್ಣನ ಹಳೆಯದನ್ನು ಕಿರಿದು ಮಾಡಿ ಹಾಕಿಕೊಂಡವರು ನಮ್ಮ ತರಗತಿಯಲ್ಲಿಯೇ ಇದ್ದರು. ಲಂಗದಾವಣಿ ಬಿಟ್ಟು ಚೂಡಿದಾರ ತೊಡಲು ಮನೆಯಲ್ಲಿ ವಾರಗಟ್ಟಲೆ ವಾದಿಸಬೇಕಾಗಿದ್ದ ಸಹಪಾಠಿನಿಯರಿದ್ದರು. ಅವರಿಗೆ ಉಡುಪು ಮೋಜಿನ ಮಾತಾಗಿರಲಿಲ್ಲ, ಕಾಲೇಜಿಗೆ ಹೋಗುವುದೋ ಬಿಡುವುದೋ ಎಂಬ ಪ್ರಶ್ನೆಯ ಭಾಗವಾಗಿತ್ತು. 'ನಮ್ಮ ಕಾಲ' ಎಂಬ ಮಾತಿನೊಳಗಿನ 'ನಾವು' ಬಹಳ ಇಕ್ಕಟ್ಟಾದುದು.

೫

ಈಚಿನ ಕನ್ನಡ ಚಿತ್ರಗಳಲ್ಲಿ ಎರಡು ಈ ವಿಷಯದಲ್ಲಿ ಹೋಲಿಕೆಗೆ ಯೋಗ್ಯವಾಗಿವೆ. ಜಯತೀರ್ಥ ನಿರ್ದೇಶನದ 'ಬೆಲ್ ಬಾಟಂ' (೨೦೧೯) ೧೯೮೦ರ ದಶಕವನ್ನು ಪತ್ತೇದಾರಿ ಹಾಸ್ಯದ ರಂಗಸ್ಥಳವನ್ನಾಗಿ ಮಾಡುತ್ತದೆ. ಬಣ್ಣದ ಅಂಗಿ, ಅಗಲ ಷರಾಯಿ, ಕೂದಲಿನ ಒಪ್ಪ ಎಲ್ಲವೂ ಅಲ್ಲಿ ಚೊಕ್ಕವಾಗಿವೆ. ಆದರೆ ಆ ದಶಕದ ಸಂಕಟ ಯಾವುದೂ ಅಲ್ಲಿ ನುಸುಳುವುದಿಲ್ಲ. ಗತಕಾಲವು ವೇಷವಾಗುತ್ತದೆ, ವೇಷವನ್ನು ಕಳಚಿ ಮನೆಗೆ ಹೋಗಬಹುದು. ರಂಜನೆಯ ದೃಷ್ಟಿಯಿಂದ ಅದು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದೆ.

ಹೇಮಂತ್ ರಾವ್ ನಿರ್ದೇಶನದ 'ಸಪ್ತ ಸಾಗರದಾಚೆ ಎಲ್ಲೋ' (೨೦೨೩) ಬೇರೆಯ ದಾರಿ ಹಿಡಿದಿದೆ. ಮೇಲೆ ಹೇಳಿದ ಅಡಿಗರ ಕವನದ ಪದಗಳನ್ನೇ ಹೆಸರಾಗಿಸಿಕೊಂಡ ಈ ಚಿತ್ರ ಧ್ವನಿಸುರುಳಿಯಂತೆ 'ಸೈಡ್ ಎ', 'ಸೈಡ್ ಬಿ' ಎಂದು ಎರಡು ಭಾಗಗಳಲ್ಲಿ ಬಂದಿತು. ಮೊದಲ ಭಾಗದ ಕಥೆ ೨೦೧೦ರದ್ದು. ಆ ಹೊತ್ತಿಗೆ ಧ್ವನಿಸುರುಳಿ ಬಳಕೆಯಿಂದ ಜಾರಿತ್ತು. ಸೆರೆಮನೆಯಲ್ಲಿರುವ ನಾಯಕನಿಗೆ ಪ್ರಿಯೆಯ ದನಿ ತಲಪುವುದು ಆ ಸುರುಳಿಯ ಮೂಲಕವೇ. ಎರಡನೆಯ ಭಾಗದಲ್ಲಿ ಅವನು ಬಿಡುಗಡೆಯಾದರೂ ಆ ದನಿಯಿಂದ ಬಿಡುಗಡೆ ಹೊಂದುವುದಿಲ್ಲ. ಪ್ರಿಯೆಯ ಬದುಕು ಮುಂದೆ ಸಾಗಿದೆ, ಅವನ ಕಿವಿಯಲ್ಲಿ ಸುರುಳಿ ಹಿಂದಕ್ಕೇ ಸುತ್ತುತ್ತಿದೆ. ಎರಡನೆಯ ಭಾಗ ಎಳೆದಾಡಿದೆ ಎಂಬ ಆಕ್ಷೇಪ ಇರಬಹುದು. ಅದನ್ನು ನಾವು ಪೂರ್ಣವಾಗಿ ಅಲ್ಲಗಳೆಯುವುದಿಲ್ಲ. ಆದರೆ ಹಳಹಳಿಕೆಯ ಸವಿಯನ್ನು ಮೊದಲ ಬದಿಯಲ್ಲಿಯೂ ಅದರ ಸೆರೆಯನ್ನು ಎರಡನೆಯ ಬದಿಯಲ್ಲಿಯೂ ಇರಿಸಿದ್ದು ಈ ಕೃತಿಯ ನಿಜವಾದ ವಿವೇಕ. ನಾವೆಲ್ಲ ಮೊದಲ ಬದಿಯನ್ನೇ ಮತ್ತೆ ಮತ್ತೆ ಕೇಳುತ್ತಿರುವವರು.

೬

ಮಧ್ಯಕಾಲೀನ ಸಾಹಿತ್ಯದಲ್ಲಿ ಇದಕ್ಕೆ ಹತ್ತಿರವಾದ ಒಂದು ನಿದರ್ಶನವಿದೆ. ಹನ್ನೆರಡನೆಯ ಶತಮಾನದ ವಚನಗಳನ್ನು ಹದಿನೈದನೆಯ ಶತಮಾನದ ಶರಣರು ಹಂಬಲದಿಂದಲೇ ಹುಡುಕಿ ಕೂಡಿಸಿದರು. ಶಿವಗಣಪ್ರಸಾದಿ ಮಹಾದೇವಯ್ಯನ 'ಶೂನ್ಯಸಂಪಾದನೆ' ಬೇರೆ ಬೇರೆ ಸಂದರ್ಭಗಳ ವಚನಗಳನ್ನು ಸಂವಾದವಾಗಿ ಜೋಡಿಸಿ, ಕಲ್ಯಾಣವನ್ನು ಕಣ್ಣೆದುರು ನಿಲ್ಲಿಸಿತು. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಇವರು ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಸಿದ್ಧರಾಮನ ದೀಕ್ಷೆಯಂಥ ಸಂಗತಿಯಲ್ಲಿ ಹಿಂದಿನವರನ್ನು ತಿದ್ದಿದರು. ಅವರ ಹಂಬಲ ಒಂದು ಪಾಠದಲ್ಲಿ ಹೆಪ್ಪುಗಟ್ಟಲಿಲ್ಲ. ಕುಮಾರವ್ಯಾಸ ಉಳಿದುಬಂದದ್ದೂ ಹೀಗೆಯೇ. ಗಮಕಿಯಿಂದ ಗಮಕಿಗೆ ರಾಗ ಬದಲಾಯಿತು, ಕಾವ್ಯ ಉಳಿಯಿತು.

ಹೊರನಾಡ ಕನ್ನಡಿಗರಾದ ನಮ್ಮ ಮುಂದಿರುವ ಪ್ರಶ್ನೆ ಇದೇ. ನಮ್ಮ ರಾಜ್ಯೋತ್ಸವದ ವೇದಿಕೆಗಳಲ್ಲಿ ಹಳೆಯ ಹಾಡುಗಳ ಸಂಜೆಗೆ ಸಭಾಂಗಣ ತುಂಬುತ್ತದೆ. ನಾಡು ಬಿಟ್ಟ ವರ್ಷದಲ್ಲಿಯೇ ನಮ್ಮ ಕನ್ನಡ ನಿಂತುಬಿಟ್ಟಿದೆ. ಆಮೇಲೆ ಬಂದ ಕವಿತೆಯನ್ನಾಗಲಿ ಹಾಡನ್ನಾಗಲಿ ನಾವು ಕಿವಿಗೊಟ್ಟು ಕೇಳಿಲ್ಲ. ಕೇಳದೆಯೇ ಅದರಲ್ಲಿ ಸತ್ವವಿಲ್ಲವೆಂದು ತೀರ್ಪಿತ್ತಿದ್ದೇವೆ. ಈ ತಪ್ಪನ್ನು ನಾವು ಸ್ವತಃ ವೇದಿಕೆಯ ಮೇಲೆ ನಿಂತು ಮಾಡಿದ್ದೇವೆ. ಮಕ್ಕಳಿಗೆ ನಾವು ದಾಟಿಸುತ್ತಿರುವುದು ನುಡಿಯನ್ನಲ್ಲ, ನುಡಿಯ ಬಗೆಗಿನ ನಮ್ಮ ನಿಟ್ಟುಸಿರನ್ನು. ನಿಟ್ಟುಸಿರನ್ನು ಯಾರೂ ಕಲಿಯಲಾರರು.

ಹಳೆಯ ಹಾಡನ್ನು ಬಿಡಬೇಕೆಂಬುದು ಇದರ ಅರ್ಥವಲ್ಲ. ಹಾಡು ಮುಗಿದ ಮೇಲೆ ಪುಸ್ತಕ ತೆರೆಯಬೇಕು. ಬಿಟ್ಟ ನುಡಿಗಳನ್ನು ಓದಬೇಕು. ಹಾಡು ನಮ್ಮನ್ನು ಪಂಪನಲ್ಲಿ ಒಯ್ದಂತೆ ತನ್ನಾಚೆಗೆ ಒಯ್ಯಬೇಕು.

ಮರುವಾರದ ತರಗತಿಯಲ್ಲಿ ನಾವು ಆ ಎರಡು ನುಡಿಗಳನ್ನು ಪುಸ್ತಕ ನೋಡಿಯೇ ಓದಿದೆವು. ಅವಕ್ಕೆ ನಮ್ಮ ಕಿವಿಯಲ್ಲಿ ಧಾಟಿಯಿರಲಿಲ್ಲವಾದ್ದರಿಂದ ಅಲ್ಲಲ್ಲಿ ತಡವರಿಸಿದೆವು. ಧ್ವನಿಸುರುಳಿಯನ್ನು ಎಂದೂ ಕೇಳಿರದ ಆ ವಿದ್ಯಾರ್ಥಿನಿ ತಡವರಿಸಲಿಲ್ಲ. ಆಕೆಗೆ ಇಡೀ ಕವನ ಒಂದೇ ಆಗಿತ್ತು.