ಮೇಷ್ಟ್ರ ಎಡಗೈ

ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಕಲಿಸಿ ಆಡಿಸುವ ಹಾರ್ಮೋನಿಯಂ ಮೇಷ್ಟ್ರನ್ನು ಜನ ಅಳೆಯುವುದು ಬಲಗೈಯಿಂದ. ಬೆರಳು ಎಷ್ಟು ಚುರುಕು, ರಂಗಗೀತೆಯ ನಡುವೆ ಎಂಥ ಬಿರ್ಕಾ ಹಾಕಿದರು ಎಂಬುದೇ ಮಾತು. ನನ್ನ ಮಟ್ಟಿಗೆ ಆ ವಾದ್ಯದ ಸತ್ವವಿರುವುದು ತಿದಿಯೊತ್ತುವ ಎಡಗೈಯಲ್ಲಿ.

ಮಧ್ಯಯುಗದ ಯುರೋಪಿನಲ್ಲೂ ಹೀಗೆ ಎಡಗೈಯನ್ನೇ ನೆಚ್ಚಿದ, ಪೋರ್ಟೆಟಿವ್ ಎಂಬ ಪುಟ್ಟ ಆರ್ಗನ್ ಇತ್ತು. ತೊಡೆಯ ಮೇಲಿಟ್ಟುಕೊಂಡೋ ಪಟ್ಟಿಯಿಂದ ಹೆಗಲಿಗೆ ತೂಗುಹಾಕಿಕೊಂಡೋ, ಬಲಗೈಯಲ್ಲಿ ಸ್ವರ ಹಿಡಿದು ಎಡಗೈಯಲ್ಲಿ ತಿದಿ ಆಡಿಸುತ್ತಿದ್ದರು. 1397ರಲ್ಲಿ ತೀರಿಕೊಂಡ ಫ್ಲಾರೆನ್ಸಿನ ಅಂಧ ಸಂಗೀತಗಾರ ಫ್ರಾಂಚೆಸ್ಕೊ ಲಾಂಡಿನಿಯ ಸಮಾಧಿಗಲ್ಲಿನ ಮೇಲೆ ಅವನ ಕೈಯಲ್ಲಿರುವುದು ಅದೇ. ಅದರ ಸ್ವರ ಕೊಳವೆಯದು. ಗಾಳಿಯ ಒತ್ತಡ ಏರುಪೇರಾದರೆ ಶ್ರುತಿಯೇ ಅಲುಗುತ್ತದೆ. ಒಂದೇ ತಿದಿಯಿದ್ದರೆ ಅದು ಮತ್ತೆ ಗಾಳಿ ತುಂಬಿಕೊಳ್ಳುವ ತನಕ ಹಾಡಿನ ಸಾಲೂ ಕಾಯಬೇಕು. ಹಾಗಾಗಿ ಎಲ್ಲಿ ಉಸಿರು ತೆಗೆಯಬೇಕೆಂಬ ವಿವೇಚನೆ ನುಡಿಸುವವನಿಗೆ ಮೊದಲ ಪಾಠವಾಗಿತ್ತು.

ನಮ್ಮ ಹಾರ್ಮೋನಿಯಂ ಪೆಟ್ಟಿಗೆಯಲ್ಲಿರುವುದು ಕೊಳವೆಯಲ್ಲ, ಹಿತ್ತಾಳೆ ರೀಡು. ಪ್ಯಾರಿಸಿನಿಂದ ಬಂದ ಕಾಲುತಿದಿಯ ಹಾರ್ಮೋನಿಯಂ ಅನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷ್ 19ನೇ ಶತಮಾನದ ಕೊನೆಯ ಭಾಗದಲ್ಲಿ ಕೈತಿದಿಗೆ ಒಗ್ಗಿಸಿ, ನೆಲದಲ್ಲಿ ಕೂತು ನುಡಿಸುವಂತೆ ಮಾಡಿದರು. ಒಳಗೆ ಸ್ಪ್ರಿಂಗ್ ಒತ್ತುವ ಇನ್ನೊಂದು ಗಾಳಿಚೀಲವಿದೆ. ಕೈ ನಿಂತರೂ ನಾದ ತುಸು ಹೊತ್ತು ನಿಲ್ಲುತ್ತದೆ. ಈ ಅನುಕೂಲ ಎಡಗೈಯನ್ನು ಸೋಮಾರಿಯಾಗಿಸಿತು ಎಂಬುದು ನನ್ನ ದೂರು.

1884ರಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೇ ಹೆಸರಾದ ಗುಬ್ಬಿ ನಾಟಕ ಕಂಪನಿಯ ಊರಿನ ಸುತ್ತ ಈ ದೂರಿಗೆ ತೂಕವಿದೆ. ಮೈಕಿಲ್ಲದ ಕಂಪನಿ ನಾಟಕಗಳ ಕಾಲದಲ್ಲಿ ಜೋರು ದನಿ ಬೇಕಿತ್ತು. ಕಾಲಲ್ಲಿ ಗಾಳಿ ಹಾಕುತ್ತ ಎರಡೂ ಕೈಯಲ್ಲಿ ನುಡಿಸುವ ಕಾಲು ಹಾರ್ಮೋನಿಯಂ ಅದನ್ನು ಕೊಟ್ಟಿತು. ಮೈಕು ಬಂದ ಮೇಲೂ, ಕೈತಿದಿಯ ಪೆಟ್ಟಿಗೆಯಲ್ಲೂ ಆ ಜೋರಿನ ಅಭ್ಯಾಸ ಹೋಗಲಿಲ್ಲ.

ನಾಟಕದಲ್ಲಿ ಕಂದ, ವೃತ್ತದ ಪದ್ಯಗಳು ಬಂದಾಗ ಈ ಜೋರಿನ ತೊಡಕು ಬಯಲಾಗುತ್ತದೆ. ಅಲ್ಲಿ ತಬಲಾ ಸುಮ್ಮನಿರುತ್ತದೆ, ತಾಳದ ಆಸರೆಯಿಲ್ಲ. ದುರ್ಯೋಧನನ ಪಾತ್ರಧಾರಿ ಹಗಲೆಲ್ಲ ಹೊಲದಲ್ಲಿ ದುಡಿದು ಬಂದವನು. ವರ್ಷಕ್ಕೊಮ್ಮೆ ಬಣ್ಣ ಹಚ್ಚುವವನು. ತಾರಸ್ಥಾಯಿಗೆ ಏರುವಾಗ ಅವನ ಉಸಿರು ಕಡಿಮೆಬೀಳುತ್ತದೆ. ಕೆಲವು ಮೇಷ್ಟ್ರು ಆಗಲೂ ಒಂದೇ ಸಮ ಗಾಳಿ ತುಂಬಿ, ಅವನು ಹಾಡುವ ಪ್ರತಿ ಸ್ವರವನ್ನೂ ಅವನಿಗಿಂತ ಜೋರಾಗಿ ನುಡಿಸುತ್ತಾರೆ. ಅವನು ಕಿರುಚುತ್ತಾನೆ, ಪದ್ಯದ ಅರ್ಥ ಯಾರಿಗೂ ದಕ್ಕುವುದಿಲ್ಲ. ಬಲ್ಲ ಮೇಷ್ಟ್ರು ನಟನ ಎದೆಯನ್ನೇ ನೋಡುತ್ತಿರುತ್ತಾರೆ. ಪದ್ಯದ ಮಾತು ನಡೆಯುವಾಗ ತಿದಿ ಸಡಿಲಿಸಿ ಷಡ್ಜದ ಒಂದು ಎಳೆಯನ್ನಷ್ಟೇ ಉಳಿಸುತ್ತಾರೆ; ದನಿ ಕುಸಿಯುವ ಮುಂಚೆಯೇ ಮೆಲ್ಲಗೆ ಒತ್ತಿ ಕೆಳಗಿನಿಂದ ಎತ್ತಿ ಹಿಡಿಯುತ್ತಾರೆ. ಅವನು ಉಸಿರೆಳೆದುಕೊಳ್ಳುವ ಎಡೆಯಲ್ಲಿ ಮಾತ್ರ ಬಲಗೈಗೆ ಅವಕಾಶ ಕೊಟ್ಟು ರಾಗದ ತುಣುಕೊಂದನ್ನು ನುಡಿಸುತ್ತಾರೆ. ಇದಕ್ಕಿಂತ ದೊಡ್ಡ ವಿದ್ಯೆ ಆ ಪೆಟ್ಟಿಗೆಯಲ್ಲಿ ಇನ್ನೊಂದಿಲ್ಲ.

ಹಾರ್ಮೋನಿಯಂಗೆ ಸ್ವರ ಬಳುಕಿಸುವ ಗಮಕ ಬರುವುದಿಲ್ಲ ಎಂಬ ಆಕ್ಷೇಪ ನಿಜ. ಇಂಥ ಆಕ್ಷೇಪಗಳ ನಡುವೆ 1940ರಿಂದ ದಶಕಗಳ ಕಾಲ ಆಕಾಶವಾಣಿ ಈ ವಾದ್ಯವನ್ನು ಹೊರಗಿಟ್ಟಿತ್ತು. ಆದರೆ ಹಳ್ಳಿಯ ನಾಟಕದಲ್ಲಿ ಅದರ ಕೆಲಸ ಗಮಕ ತೋರಿಸುವುದಲ್ಲ, ಹಾಡಲು ಕಲಿಯದ ಕೊರಳಿಗೆ ಧೈರ್ಯ ಕೊಡುವುದು.

ಈಗ ಕೆಲವು ರಂಗಸಜ್ಜಿಕೆಗಳ ಪಕ್ಕ ಎಲೆಕ್ಟ್ರಾನಿಕ್ ಕೀಬೋರ್ಡ್ ಕಾಣುತ್ತಿದೆ. ಹೊರುವುದು ಸುಲಭ, ಶ್ರುತಿ ಬದಲಿಸುವುದು ಸುಲಭ. ಆದರೆ ನಟ ತೊದಲಿದ ಕ್ಷಣದಲ್ಲಿ ದನಿಯನ್ನು ಕೂದಲೆಳೆಯಷ್ಟು ಇಳಿಸಲು ಅಲ್ಲಿ ತಿದಿಯೇ ಇಲ್ಲ. ಪೆಟ್ಟಿಗೆ ಉಳಿಸಿಕೊಂಡಿರುವ ಮೇಷ್ಟ್ರುಗಳು ಹುಡುಗರಿಗೆ ರಂಗಗೀತೆಗಿಂತ ಮೊದಲು ಒಂದೇ ಷಡ್ಜವನ್ನು ಹಿಡಿದು, ಅದನ್ನು ಹಿಗ್ಗಿಸಿ ಕುಗ್ಗಿಸುವುದನ್ನು ಕಲಿಸಲಿ. ಬೆರಳಿನ ಪಾಠ ಆಮೇಲೆ.